ನಿರ್ದೇಶಕನ ಮುಂದಿನ ಟೆಲಿವಿಷನ್ ಎಂಥದಿರಬೇಕು?

ಚಲನಚಿತ್ರದ ಬಣ್ಣ, ಬೆಳಕುಗಳನ್ನು ಕಟ್ಟಕಡೆಗೆ ತಿದ್ದುವ ಕಾರ್ಯಕ್ಕೆ ಕಲರ್ ಗ್ರೇಡಿಂಗ್ ಎಂದು ಹೆಸರು. ಈ ಕೊಠಡಿಯಲ್ಲಿ ಸಾಮಾನ್ಯವಾಗಿ ಎರಡು ತೆರೆಗಳುಂಟು. ತಂತ್ರಜ್ಞನ ಮುಂದೆ ಬಹು ಬೆಲೆಯ ಪ್ರಮಾಣ ಮಾನಿಟರ್. ಹಿಂದೆ ಕುಳಿತ ನಿರ್ಮಾಪಕ, ನಿರ್ದೇಶಕರಿಗಾಗಿ ಮತ್ತೊಂದು ದೊಡ್ಡ ತೆರೆ. ಈ ಎರಡನೆಯದಕ್ಕೆ ಅಂಗಡಿಯ ಟೆಲಿವಿಷನ್ ಸಾಕೆ? ಸಾಕು ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಅಂಗಡಿಯಲ್ಲಿ ಕಣ್ಣಳತೆಯಿಂದ ಆರಿಸತಕ್ಕದ್ದಲ್ಲ.

ಮಾರಾಟಕ್ಕಿಟ್ಟ ತೆರೆಯ ಬಿಳುಪಿಗೆ ಹಲವು ವೇಳೆ ನೀಲಿಯ ಛಾಯೆ, ಬಣ್ಣಗಳಿಗೆ ಅತಿಶಯವಾದ ಗಾಢತೆ. ಗಿರಾಕಿಯನ್ನು ಸೆಳೆಯಲು ಇದು ಒಳ್ಳೆಯ ಉಪಾಯವೇ ಸರಿ. ಆದರೆ ಗ್ರೇಡಿಂಗ್ ಕೊಠಡಿಗೆ ಬೇಕಾದುದು ಥಳಕಲ್ಲ, ವಿಧೇಯತೆ. ಹೈ ಡೆಫಿನಿಷನ್ ಚಿತ್ರಗಳಿಗೆ ಅಂತರರಾಷ್ಟ್ರೀಯ ಮಾನವೊಂದುಂಟು. 1990ರಲ್ಲಿ ಅಂಗೀಕೃತವಾದ ಇದರ ಹೆಸರು ಬಿಟಿ 709. ಇದರಲ್ಲಿ ಬಿಳುಪೆಂದರೆ ಡಿ 65, ಅಂದರೆ ಸುಮಾರು 6500 ಕೆಲ್ವಿನ್ ವರ್ಣತಾಪದ ಹಗಲ ಬೆಳಕು. ಮಬ್ಬು ಬೆಳಕಿನ ಕೊಠಡಿಯಲ್ಲಿ ಈ ಬಿಳುಪಿನ ಕಾಂತಿಯನ್ನು 100 ನಿಟ್‌ಗಳಿಗೆ ನಿಲ್ಲಿಸುವುದು ರೂಢಿ. ಉಪಕರಣದಿಂದ ಅಳೆದು ಈ ಅಂಕಿಗಳಿಗೆ ತರಬಹುದಾದ ಟೆಲಿವಿಷನ್ನೇ ಯೋಗ್ಯ. ಚಲನೆಯನ್ನು ನಯಗೊಳಿಸುವ, ಕಾಂತಿಯನ್ನು ತಾನೇ ಏರಿಳಿಸುವ ಅದರ ಏರ್ಪಾಡುಗಳನ್ನು ಆರಿಸಿಬಿಡಲು ಅವಕಾಶವಿರಲೇಬೇಕು.

ಈ ಕೆಲಸಕ್ಕೆ ನಾನು ಓಎಲ್ಇಡಿ ತೆರೆಯನ್ನು ಮೆಚ್ಚುತ್ತೇನೆ. ಅದರ ಪ್ರತಿಯೊಂದು ಬಿಂದುವೂ ಸ್ವತಃ ಬೆಳಗುವುದರಿಂದ ಕಪ್ಪು ನಿಜಕ್ಕೂ ಕಪ್ಪಾಗಿರುತ್ತದೆ. ಪಕ್ಕದಲ್ಲಿ ಕುಳಿತವನಿಗೂ ಚಿತ್ರ ಹೆಚ್ಚು ಮಾಸದು. ತೆರೆಯೆಲ್ಲ ಬೆಳ್ಳಗಾದಾಗ ಕಾಂತಿ ತಗ್ಗುವುದು ಅದರ ದೋಷ. 100 ನಿಟ್‌ಗಳಲ್ಲಿ ಇದು ಅಷ್ಟಾಗಿ ಬಾಧಿಸದು. ಎಚ್‌ಡಿಆರ್ ಚಿತ್ರಗಳಲ್ಲಿ ಬಾಧಿಸುತ್ತದೆ.

ಇಷ್ಟಾದರೂ ಎರಡು ತೆರೆಗಳು ಕಣ್ಣಿಗೆ ಬೇರೆಯಾಗಿ ತೋರಬಹುದು. ಮಾಪಕವು ಲೆಕ್ಕಕ್ಕೆ ಹಿಡಿಯುವುದು 1931ರಲ್ಲಿ ನಿಗದಿಯಾದ ‘ಪ್ರಮಾಣ ವೀಕ್ಷಕ’ನ ಕಣ್ಣನ್ನು. ಅದು ಕೆಲವರ ದೃಷ್ಟಿಯ ಸರಾಸರಿ. ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಎರಡು ತೆರೆಗಳ ರೋಹಿತಗಳು ಭಿನ್ನವಾಗಿದ್ದರೆ, ಅಂಕಿಗಳು ಒಂದೇ ಆದರೂ ನೋಟ ಒಂದೇ ಆಗಬೇಕೆಂದಿಲ್ಲ. ಇದನ್ನರಿಯದ ನಿರ್ದೇಶಕನು ದೊಡ್ಡ ತೆರೆಯನ್ನೇ ನಂಬಿ, “ಮುಖ ಕೆಂಪಾಯಿತು, ತಗ್ಗಿಸಿ” ಎಂದನೆನ್ನೋಣ. ಸರಿಯಾಗಿದ್ದ ಮುಖವು ಮನೆಮನೆಯ ತೆರೆಯ ಮೇಲೆ ಕಳೆಗುಂದೀತು. ಹಲವರ ತಿಂಗಳುಗಳ ದುಡಿಮೆ ವ್ಯರ್ಥವಾದೀತು.

ಆದುದರಿಂದ ಟೆಲಿವಿಷನ್ನಿನಲ್ಲಿ ಉಳಿಸಿದ ಹಣವನ್ನು ಒಳ್ಳೆಯ ಮಾಪಕಕ್ಕೆ ವ್ಯಯಿಸುವುದು ಲೇಸು. ಕೆಲಸಕ್ಕೆ ತೊಡಗುವ ಮುನ್ನವೇ ಒಂದು ಮಾತು ನಿಶ್ಚಯವಾಗಿರಲಿ: ದೊಡ್ಡ ತೆರೆ ನೋಡುವುದಕ್ಕೆ, ತೀರ್ಪು ಪ್ರಮಾಣ ಮಾನಿಟರಿನದು.