ಧಾರೆಯ ಮೇಲೆ ಧಾರೆ

ವೈಶಾಖ ಮಾಸ ಕಾಲಿಟ್ಟಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಮಗಳ ಮದುವೆಗೆ ನಿಂತ ರೈತನ ಕಣ್ಣು ಎರಡು ಕಡೆಗೆ ಹರಿಯುತ್ತದೆ: ಒಂದು ಪಂಚಾಂಗದ ಕಡೆಗೆ, ಇನ್ನೊಂದು ಬಾನಿನ ಕಡೆಗೆ. ಪಂಚಾಂಗ ಮಗಳಿಗೆ ಲಗ್ನ ಹೇಳುತ್ತದೆ. ಬಾನು ಹೊಲಕ್ಕೆ ಹದ ಹೇಳುತ್ತದೆ. ಎರಡೂ ಒಂದೇ ದಿನ ಕೂಡಿ ಬಂದರೆ ಆಗುವ ಫಜೀತಿ ಅಲ್ಲಿನವರಿಗೆ ಹೊಸದೇನಲ್ಲ.

ಚಪ್ಪರದ ದಿನವೆಂದರೆ ಮದುವೆಯ ಮುನ್ನಾದಿನ. ಬೆಳಗಿನಿಂದ ಸೆಕೆ, ಹೊಂಗೆಯ ಎಲೆಯೂ ಅಲುಗುವುದಿಲ್ಲ. ಸೋದರಮಾವ ಕಡಿದು ತಂದ ಹಾಲುಗಂಬಕ್ಕೆ ಪೂಜೆಯಾಗಿದೆ. ಬಾಗಿಲಿಗೆ ಬಾಳೆಯ ಕಂದು, ಮಾವಿನ ತೋರಣ. ಹಿತ್ತಿಲಲ್ಲಿ ತೋಡಿದ ಒಲೆಯ ಮೇಲೆ ಕೊಪ್ಪರಿಗೆಗಳು ಕುದಿಯುತ್ತಿವೆ. ಮೂರು ಗಂಟೆಗೆ ದಿಗಂತದಲ್ಲಿ ಹತ್ತಿಯ ರಾಶಿಯಂತೆ ಕಂಡ ಮೋಡ ನಾಲ್ಕಕ್ಕೆ ಇದ್ದಲಿನ ಬಣ್ಣಕ್ಕೆ ತಿರುಗುತ್ತದೆ. ಮೊದಲು ಧೂಳು, ಅನಂತರ ಗಾಳಿ, ಅದರ ಬೆನ್ನಿಗೆ ಹನಿ. ಹನಿಯೊಡನೆ ಒಮ್ಮೊಮ್ಮೆ ಆನೆಕಲ್ಲು. ಅರ್ಧ ಗಂಟೆಯೊಳಗೆ ಶಾಮಿಯಾನ ನೆಲ ಕಚ್ಚುತ್ತದೆ, ಒಲೆ ಆರುತ್ತದೆ, ದೀಪ ಹೋಗುತ್ತದೆ. ಗಂಡಿನ ಕಡೆಯವರ ಬಸ್ಸು ಊರು ಇನ್ನೂ ಒಂದು ಮೈಲಿ ಇರುವಾಗಲೇ ಕೆಸರಿನಲ್ಲಿ ಹೂತು ನಿಲ್ಲುತ್ತದೆ.

ಆ ಗಳಿಗೆಯಲ್ಲಿ ಮನೆಯ ಹಿರಿಯಜ್ಜಿಯ ಕೋಪವೆಲ್ಲ ಮದುಮಗಳ ಮೇಲೆ ತಿರುಗುತ್ತದೆ. “ಬೇಡ ಬೇಡವೆಂದರೂ ಚಿಕ್ಕಂದಿನಲ್ಲಿ ಹಸಿ ಅಕ್ಕಿ ಮುಕ್ಕುತ್ತಿದ್ದೆಯಲ್ಲೆ, ಈಗ ಅನುಭವಿಸು” ಎಂದು ಗೊಣಗುತ್ತಾಳೆ. ಹಸಿ ಅಕ್ಕಿ ತಿಂದವರ ಮದುವೆಗೆ ಮಳೆ ಬರುತ್ತದೆಂಬುದು ಹಳೆಯ ನಂಬಿಕೆ. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತ ಮುದುಕ, ಶುಭಕಾರ್ಯದ ಹೊತ್ತಿಗೆ ಮಳೆ ಬಂದರೆ ಸೌಭಾಗ್ಯವೆಂದು ಸಮಾಧಾನ ಹೇಳುತ್ತಾನೆ. ಮುದುಕನ ಮಾತು ಬರಿಯ ಸಮಾಧಾನವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಪ್ಪೆಗಳಿಗೆ ಅರಿಸಿನ ಹಚ್ಚಿ ಮದುವೆ ಮಾಡಿಸುವ, ಕತ್ತೆಗಳನ್ನು ಮೆರವಣಿಗೆ ಮಾಡುವ ಪದ್ಧತಿ ಕನ್ನಡನಾಡಿನ ಹಳ್ಳಿಗಳಲ್ಲಿ ಇಂದಿಗೂ ಉಂಟು. ಕಪ್ಪೆಯ ಮದುವೆಗೆ ಬಾರೆಂದು ಕರೆದ ಮಳೆಯನ್ನು ಮನುಷ್ಯರ ಮದುವೆಗೆ ಬರಬೇಡವೆನ್ನುವುದು ಯಾವ ನ್ಯಾಯ?

ಮಳೆಯ ಲೆಕ್ಕವನ್ನೂ ಇಲ್ಲಿ ನಕ್ಷತ್ರದ ಮೇಲೆಯೇ ಇಡುತ್ತಾರೆ. ಏಪ್ರಿಲ್ ೧೪ರ ಸುಮಾರಿಗೆ ಅಶ್ವಿನಿ, ೨೭ರ ಸುಮಾರಿಗೆ ಭರಣಿ, ಮೇ ೧೧ರ ಸುಮಾರಿಗೆ ಕೃತ್ತಿಕಾ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನು ಅರಿಯದ ರೈತನಿಲ್ಲ. ಲಗ್ನಗಳ ಸುಗ್ಗಿಯೂ, ಅಕ್ಷಯ ತದಿಗೆಯೂ ಬೀಳುವುದು ಸಾಮಾನ್ಯವಾಗಿ ಇದೇ ದಿನಗಳಲ್ಲಿ. ಕೃಷ್ಣರಾಜನಗರದ ಗದ್ದೆಗಳಿಗೆ ಕಾವೇರಿಯ ನಾಲೆಗಳ ಆಸರೆಯುಂಟು. ಉಳಿದ ಮೂರು ತಾಲ್ಲೂಕುಗಳ ಬಹುಪಾಲು ಕೆಂಪುನೆಲಕ್ಕೆ ಬಾನೇ ದಿಕ್ಕು. ಈ ಸೀಮೆಯ ಹಣದ ಬೆಳೆಯಾದ ಹೊಗೆಸೊಪ್ಪಿನ ಸಸಿಗಳು ಮಡಿಯಿಂದ ಹೊಲಕ್ಕೆ ಇಳಿಯುವುದು ಈ ಮಳೆಯ ಹದಕ್ಕೆ. ಅಲಸಂದೆ, ಎಳ್ಳು, ಉದ್ದುಗಳ ಬಿತ್ತನೆಗೂ ಇದೇ ಹದ. ಸಸಿ ನೆಟ್ಟು, ಎಲೆ ಮುರಿದು, ಬ್ಯಾರನ್ನಿನಲ್ಲಿ ಬೇಯಿಸಿ, ೧೯೭೬ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಹರಾಜುಕಟ್ಟೆಗೆ ಬೇಲುಗಳನ್ನು ಹೊತ್ತೊಯ್ದ ಮೇಲೆ ಕೈಗೆ ಬರುವ ದುಡ್ಡಿನಲ್ಲೇ ಎಷ್ಟೋ ಮನೆಗಳ ತಾಳಿ, ಸೀರೆ, ಬೀಗರೂಟದ ಖರ್ಚು ಕಳೆಯಬೇಕು.

ಹೀಗಾಗಿ ಬಿದ್ದ ಚಪ್ಪರದ ಮುಂದೆ ನಿಂತ ಹೆಣ್ಣಿನ ತಂದೆಯ ಪಾಡು ವಿಚಿತ್ರವಾದುದು. ಅಳಬೇಕೆಂದರೆ ಹೊಲ ನಗುತ್ತದೆ. ನಗಬೇಕೆಂದರೆ ಚಪ್ಪರ ಅಳುತ್ತದೆ. ಈ ಮದುವೆಯನ್ನು ಕೆಡಿಸಿದ ಮಳೆಯೇ ಇದರ ಸಾಲವನ್ನು ತೀರಿಸಬೇಕಾದದ್ದು. ಆದುದರಿಂದಲೇ ಅವನ ಬಾಯಿಂದ ಮಳೆಗೆ ಶಾಪ ಹೊರಡುವುದಿಲ್ಲ.

ಗ್ರಹಚಾರವೆಂದು ಕೈ ಚೆಲ್ಲುವಂತೆಯೂ ಇಲ್ಲ. ಮುಂಗಾರಿಗೆ ಮೊದಲಿನ ಈ ಮಳೆಗೆ ತನ್ನದೇ ಆದ ಹೊತ್ತೊಂದಿದೆ. ಬೆಳಗಿನಿಂದ ಕಾದ ನೆಲದ ಬಿಸಿಗಾಳಿ ಕಡಲಿನ ತೇವವನ್ನು ಹೊತ್ತು ಮೇಲೇರಿ, ಮಧ್ಯಾಹ್ನ ಮೋಡವಾಗಿ ಬೆಳೆದು, ಸಂಜೆಗೆ ಸಿಡಿಲು ಬಿರುಗಾಳಿಗಳೊಡನೆ ಕೆಳಗಿಳಿಯುತ್ತದೆ. ಬೆಳಗಿನ ಜಾವ ಬಾನು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಬೆಳಗಿನ ಮುಹೂರ್ತದಲ್ಲಿ ಧಾರೆ ಮುಗಿಸಿ, ಹೊತ್ತಿಳಿಯುವ ಮೊದಲೇ ಊಟ ಪೂರೈಸುವ ಮದುವೆಗೆ ಈ ಮಳೆಯ ಭಯ ಕಡಿಮೆ. ಹಳೆಯ ಕಾಲದ ತೆಂಗಿನ ಗರಿಯ ಚಪ್ಪರವೂ ಗಿಡ್ಡದಾಗಿತ್ತು. ಗರಿಗಳ ಸಂದಿಯಲ್ಲಿ ಗಾಳಿ ನುಸುಳಿ ಹೋಗುತ್ತಿತ್ತು. ಕುಸಿದರೂ ತಲೆಯ ಮೇಲೆ ಬೀಳುತ್ತಿದ್ದುದು ಹಗುರವಾದ ಸೋಗೆ.

ಇಂದಿನ ಸಂಭ್ರಮವೋ ಸಂಜೆಯ ಆರತಕ್ಷತೆಗೆ ಸರಿದಿದೆ, ಮೋಡ ಸಿಡಿಯುವ ಹೊತ್ತಿಗೇ. ಎತ್ತರದ ಕಬ್ಬಿಣದ ಕಂಬಗಳ ಮೇಲೆ ಬಿಗಿದ ಶಾಮಿಯಾನದ ಬಟ್ಟೆ ಹಡಗಿನ ಹಾಯಿಯಂತೆ ಗಾಳಿಯನ್ನು ತುಂಬಿಕೊಳ್ಳುತ್ತದೆ. ಕಂಬಕ್ಕೆ ಸುತ್ತಿದ ದೀಪದ ತಂತಿ ನೆಂದರೆ ಅಲಂಕಾರವೇ ಮೃತ್ಯುವಾಗಬಹುದು. ಬಟ್ಟೆ ಹಾರಿಹೋದೀತೆಂದು ಕಂಬವನ್ನು ಅಪ್ಪಿ ಹಿಡಿದು ನಿಲ್ಲುವ ಹುಡುಗರ ಸಾಹಸ ಮೆಚ್ಚತಕ್ಕದ್ದಲ್ಲ. ಬಾಡಿಗೆಯ ಬಟ್ಟೆಗೆ ಬೆಲೆ ಕಟ್ಟಬಹುದು; ಪ್ರಾಣಕ್ಕೆ ಕಟ್ಟಲಾಗದು. ಗುಡುಗು ಕೇಳಿದೊಡನೆ ವಿದ್ಯುತ್ತನ್ನು ನಿಲ್ಲಿಸಿ, ಮರದ ಕೆಳಗಲ್ಲ, ಗಟ್ಟಿ ಛಾವಣಿಯ ಮನೆಯೊಳಗೆ ಜನರನ್ನು ಕಳುಹಿಸುವುದೇ ಯಜಮಾನನ ಮೊದಲ ಕರ್ತವ್ಯ.

ಆಷಾಢದಲ್ಲಿ ಲಗ್ನವಿಲ್ಲ. ಶ್ರಾವಣದಲ್ಲಿ ಮತ್ತೆ ವಾಲಗ ಕೇಳಿಸುವ ಹೊತ್ತಿಗೆ ಮಳೆಯ ಸ್ವರೂಪ ಬದಲಾಗಿರುತ್ತದೆ. ಆಗ ಭಯ ಬಾನಿನದಲ್ಲ, ಹೊಳೆಯದು. ೨೦೧೯ರ ಆಗಸ್ಟ್‌ನಲ್ಲಿ, ಶ್ರಾವಣದ ಮೊದಲ ಪಕ್ಷದಲ್ಲಿಯೇ, ಕೊಡಗಿನಲ್ಲೂ ವಯನಾಡಿನಲ್ಲೂ ಸುರಿದ ಮಳೆಗೆ ಲಕ್ಷ್ಮಣತೀರ್ಥ ಹುಣಸೂರಿನ ಕಡೆ ದಡ ಮೀರಿತು. ಕಬಿನಿ ಜಲಾಶಯದಿಂದ ಲಕ್ಷ ಕ್ಯುಸೆಕ್ಕಿಗೂ ಮಿಕ್ಕ ನೀರನ್ನು ಹೊರಬಿಡಬೇಕಾಯಿತು. ಹೊಳೆ ಹಾಗೆ ಹರಿದಾಗ ಆಚೆ ದಡದ ಬೀಗರು ಆಚೆಯೇ ಉಳಿಯುವರು.

ಈಗ ಬಾನನ್ನು ನೋಡಲು ಕಣ್ಣೊಂದೇ ಸಾಧನವಲ್ಲ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲೆಗೊಂದು ಬಣ್ಣ ಕೊಟ್ಟು ಮುನ್ನೆಚ್ಚರಿಕೆ ನೀಡುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿಗಳಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಪುರೋಹಿತರಿಗೆ ಲಗ್ನ ಕೇಳುವವರು ಇವರಿಗೆ ಹವೆ ಕೇಳಿದರೆ ಶಾಸ್ತ್ರಕ್ಕೇನೂ ಭಂಗವಿಲ್ಲ. ಲಗ್ನವನ್ನು ಬದಲಿಸಲಾಗದಿದ್ದರೂ ಊಟದ ಹೊತ್ತನ್ನು ಬದಲಿಸಬಹುದು. ಊರ ಶಾಲೆಯ ಬೀಗದ ಕೈಯನ್ನು ಮುಂಚಿತವಾಗಿಯೇ ಕೇಳಿ ಇಟ್ಟುಕೊಳ್ಳಬಹುದು.

ಇನ್ನು ಆ ಚಪ್ಪರ ಬಿದ್ದ ರಾತ್ರಿ. ಊರಿನವರು ಟ್ರ್ಯಾಕ್ಟರು ತಂದು ಕೆಸರಿನಿಂದ ಬಸ್ಸನ್ನು ಎಳೆಯುತ್ತಾರೆ. ಎದುರುಮನೆಯ ಕೊಟ್ಟಿಗೆಯಿಂದ ಒಣ ಸೌದೆ ಬರುತ್ತದೆ, ಪಕ್ಕದ ಮನೆಯಿಂದ ಚಾಪೆ ಕಂಬಳಿ. ನಾಲ್ಕು ವರ್ಷದಿಂದ ಬೇಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ನೆರೆಯವನು ಬಾಯಿ ತೆರೆಯದೆ ತನ್ನ ಹಜಾರದ ಬಾಗಿಲನ್ನು ತೆರೆಯುತ್ತಾನೆ. ಹತ್ತು ಮನೆಗಳ ಒಲೆಗಳಲ್ಲಿ ಬೆಂದ ಅನ್ನ ಒಂದೇ ಪಂಕ್ತಿಗೆ ಬಡಿಸಲ್ಪಡುತ್ತದೆ. ಬೆಳಗಾದಾಗ ತೊಳೆದಿಟ್ಟಂತಹ ಬಾನು. ಊರಮುಂದಿನ ಗುಡಿಯ ಪ್ರಾಕಾರದಲ್ಲಿ ಹಸೆಮಣೆ. ಮಗಳ ಕೈಯ ಮೇಲೆ ತಂದೆ ಧಾರೆಯೆರೆಯುವಾಗ ಗುಡಿಯ ಸೂರಿನಿಂದ ರಾತ್ರಿಯ ಹನಿಗಳು ಇನ್ನೂ ತೊಟ್ಟಿಕ್ಕುತ್ತಿರುತ್ತವೆ.

ಅಕ್ಷತೆಯ ಬಳಿಕ ಮುಯ್ಯಿಯ ಪುಸ್ತಕ ತೆರೆಯುತ್ತದೆ. ಇಂಥವರು ಇಷ್ಟು ರೂಪಾಯಿ, ಇಂಥವರು ಇಂಥ ಪಾತ್ರೆ ಎಂದು ಒಂದೊಂದೂ ದಾಖಲಾಗುತ್ತದೆ. ನಾಳೆ ಅವರ ಮನೆಯ ಕಾರ್ಯಕ್ಕೆ ಅದನ್ನು ಹಿಂದಿರುಗಿಸಬೇಕು. ಆದರೆ ಆ ರಾತ್ರಿ ಬಂದ ಸೌದೆ, ಚಾಪೆ, ತೆರೆದ ಬಾಗಿಲು, ಇವು ಯಾವುವೂ ಆ ಪುಸ್ತಕಕ್ಕೆ ಏರುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಮುಂದಿನ ವೈಶಾಖದಲ್ಲಿ ನೆರೆಯವನ ಮನೆಯ ಚಪ್ಪರದ ಮೇಲೆ ಮೋಡ ಕವಿದಾಗ, ಯಾರೂ ಕರೆಯದೆಯೇ ಮೊದಲು ಹೊರಡುವವನು ಈ ಹೆಣ್ಣಿನ ತಂದೆ.