ಹೊಟ್ಟ್ಯಾಗಿನ ಕೂಸಿನ ಮಾತು ಮಂದಿ ಕೊಡಬಾರದು

"ಈಗಾಗಲೇ ಎರಡು ಹೆಣ್ಣ ಅದಾವು. ಈ ಸಲ ಹುಟ್ಟಿದ್ದನ್ನ ನೆಗೆಣಿ ಉಡ್ಯಾಗ ಹಾಕಿಬಿಡೂಣು." ಇಂಥಾ ಮಾತು ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಎಷ್ಟು ಮನ್ಯಾಗ ಕೇಳೀವಿ ಹೇಳ್ರಿ? ಮಾತಾಡವ್ರು ಅತ್ತಿ, ಮಾವ, ಗಂಡ, ಮೈದುನ. ಬಸರಿದ್ದಾಕಿ ಒಲಿ ಮುಂದ ರೊಟ್ಟಿ ಬಡಕೋತ ಕುಂತಿರತಾಳ. ಆಕಿನ್ನ ಯಾರೂ ಕೇಳೂದಿಲ್ಲ. ಕೂಸು ಕೊಡಬೇಕೋ ಬ್ಯಾಡೋ, ಕೊಟ್ರ ಯಾವ ದಾರಿಲೆ ಕೊಡಬೇಕೋ, ಆ ಮಾತು ಮೊದಲು ಹಡಿಯಾಕಿ ಬಾಯಿಂದ ಬರಬೇಕು ಅಂತ ನನಗ ಅನಸತೈತಿ.

ದತ್ತಕ ನಮಗೇನು ಹೊಸದಲ್ಲ. ಕಿತ್ತೂರಿನ ಶಿವಲಿಂಗಪ್ಪನ ದತ್ತಕ ಕಂಪನಿ ಸರಕಾರ ಒಪ್ಪಲಿಲ್ಲ ಅಂತ 1824ರಾಗ ಚನ್ನಮ್ಮ ರಾಣಿ ಯುದ್ಧಕ್ಕ ನಿಂತಳು. ಈ ಕಥಿ ನಮ್ಮ ಸಾಲಿ ಹುಡುಗರಿಗೂ ಗೊತ್ತು. ಆದ್ರ ಆ ಹುಡುಗನ್ನ ಹಡದಾಕಿ ಹೆಸರು ಏನು ಅಂತ ಯಾರರೆ ಕೇಳ್ಯಾರೇನು? ಇವತ್ತಿಗೂ ತಗೊಂಡವ್ರ ಪುಣ್ಯದ ಮಾತು ಬಾಳ, ಕೊಟ್ಟಾಕಿ ಮಾತು ಇಲ್ಲ.

ಕಾನೂನಿನ್ಯಾಗ ದಾರಿ ಎರಡು ಅದಾವು. ಒಂದು, 1956ರ ಹಿಂದೂ ದತ್ತಕ ಕಾಯ್ದೆ. ಲಿಂಗಾಯತರು, ಜೈನರು ಎಲ್ಲಾರೂ ಇದರಾಗ ಬರತಾರ. ಬಳಗದಾಗ ಕೊಡೂದು ಹೆಚ್ಚಾಗಿ ಹಿಂಗ. ಗಂಡ ಹೆಂಡತಿ ಇಬ್ಬರದೂ ಒಪ್ಪಿಗಿ ಬೇಕು, ಕೂಸನ್ನ ಖರೇನ ಕೈಯಿಂದ ಕೈಗೆ ಕೊಡಬೇಕು. ಅಂದ್ರ ಹೊಟ್ಟ್ಯಾಗಿದ್ದಾಗ ಅತ್ತಿ ಕೊಟ್ಟ ಮಾತಿಗೆ ಕಾನೂನಿನ್ಯಾಗ ಕಿಮ್ಮತ್ತಿಲ್ಲ. ಇದನ್ನ ಬಸರಿದ್ದಾಕಿ ಕಿವಿಗೆ ಹಾಕೂದು ನಮ್ಮ ಕೆಲಸ.

ಈ ದಾರಿ ಒಳ್ಳೇದು ಏನಂದ್ರ, ಕೂಸು ಕಣ್ಣ ಮುಂದ ಬೆಳೀತೈತಿ, ಹಬ್ಬಕ್ಕ ಜಾತ್ರಿಗೆ ಸಿಗತೈತಿ. ಕಠಿಣ ಏನಂದ್ರ, ಒಮ್ಮೆ ಕೊಟ್ಟ ಮ್ಯಾಲ ತಿರುಗಿ ಇಸಕೊಳ್ಳಾಕ ಬರೂದಿಲ್ಲ. ಹಡದಾಕಿನ್ನ ಕೂಸು ಮಾಂಶಿ ಅಂತ ಕರೀತೈತಿ, ಆಕಿ ಓ ಅನ್ನಬೇಕು. ಅದನ್ನ ಜನ್ಮಪೂರ್ತಿ ತಡಕೊಳ್ಳಾಕ ಆಗತೈತೇನು ಅಂತ ಆಕಿನ್ನ ಕೇಳದ ಹೆಂಗ ಕೊಡಸೂದು?

ಎರಡನೇದು, 2015ರ ಬಾಲ ನ್ಯಾಯ ಕಾಯ್ದೆ. ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇರತೈತಿ. ಹಡದ ಮ್ಯಾಲ ಅಲ್ಲಿಗೆ ಹೋಗಿ ಹೇಳಬೇಕು. ಅವರು ಕುಂದ್ರಿಸಿ ತಿಳಿಸಿ ಹೇಳತಾರ, ಆಮ್ಯಾಲೆ ಸಹಿ. ಲಗ್ನ ಆಗದಾಕಿ ಒಬ್ಬಾಕಿನ ಸಹಿ ಮಾಡಬಹುದು. ಸಹಿ ಮಾಡಿದ ಮ್ಯಾಲೂ ಎರಡು ತಿಂಗಳು ವಿಚಾರ ಮಾಡಾಕ ವ್ಯಾಳ್ಯಾ ಕೊಡತಾರ. ಮನಸ್ಸು ತಿರುಗಿದ್ರ ಕೂಸನ್ನ ಕೇಳಬಹುದು. ಆದ್ರ ಕೂಸು ಯಾರ ಮನಿಗೆ ಹೋತು ಅಂತ ಆಕಿಗೆ ಹೇಳೂದಿಲ್ಲ, ತಂದಿ ತಾಯಿನ್ನ ಆಕಿ ಆರಿಸಾಕೂ ಬರೂದಿಲ್ಲ. ಆ ಸಂಕಟ ಮೊದಲ ತಿಳಿಸಿ ಹೇಳಬೇಕು. ಮಕ್ಕಳು 18 ದಾಟಿದ ಮ್ಯಾಲ ತಮ್ಮ ಬೇರು ಹುಡುಕಬಹುದು. ನನ್ನ ಹೆಸರು ಹೇಳಬ್ಯಾಡ್ರಿ ಅಂತ ಹಡದಾಕಿ ಬರಸಿದ್ರ, ಆಕಿ ಒಪ್ಪಿಗಿ ಇಲ್ಲದ ಹೇಳೂದಿಲ್ಲ.

ಮೂರನೇದು ದಾರಿನ ಅಲ್ಲ. ದವಾಖಾನ್ಯಾಗ ಯಾರೋ ಗುರುತಿನವ್ರು, ಒಂದು ಬಾಂಡ್ ಪೇಪರ್, ಕೈಯಾಗ ಒಂದಿಷ್ಟು ರೊಕ್ಕ. ನಿಪ್ಪಾಣಿಯಾಗ ಬೀಡಿ ಕಟ್ಟಾಕಿ ಇರಲಿ, ಕಬ್ಬಿನ ಗ್ಯಾಂಗಿನ್ಯಾಕಿ ಇರಲಿ, ಬಡತನ ನೋಡಿನ ಇಂಥವ್ರು ಬರತಾರ. ಕೂಸು ಮಾರೂದು ತಗೊಳ್ಳೂದು ಐದು ವರ್ಷದ ತನಕ ಜೇಲಿನ ಗುನ್ಹೆ. ಕಾಗವಾಡದಿಂದ ಮಿರಜಿಗೆ ಹಡಿಯಾಕ ಹೋದ್ರೂ ಕಾಯ್ದೆ ಅದ.

ಯಾವ ದಾರಿ ಛಲೋ ಅಂತ ಕೇಳಿದ್ರ ನಾ ಹೇಳೂದು ಹಿಂಗ. ಗಂಡ ಹೆಂಡತಿ ಇಬ್ಬರೂ ಮನಸಾರೆ ಒಪ್ಪಿದ್ರ, ತಗೊಳ್ಳವ್ರ ಜೋಡಿ ನೆಟ್ಟಗ ಇದ್ರ, ಬಳಗದಾಗ ಕೊಡ್ರಿ, ಸಬ್ ರಜಿಸ್ಟ್ರಾರ್ ಕಚೇರ್ಯಾಗ ಪತ್ರ ಮಾಡಸ್ರಿ. ಮನಿಯವ್ರ ಜುಲುಮಿ ಇದ್ರ, ಇಲ್ಲಾ ಲಗ್ನ ಆಗದ ಹುಡುಗಿ ಇದ್ರ, ಸಮಿತಿನ ಛಲೋ. ಅಲ್ಲಿ ಆಕಿ ಮಾತು ಕೇಳಾಕ ಮನಿ ಹೊರಗಿನವ್ರು ಒಬ್ಬರರೆ ಇರತಾರ.

ಇನ್ನೊಂದು. ಸಮಿತಿ ಎರಡು ತಿಂಗಳು ಕೊಡತೈತಿ ಅಂದ್ರ, ನಾವು ಮನಿಯವ್ರು ಯಾಕ ಕೊಡಬಾರದು? ಐದನೇ ದಿನಕ್ಕ, ತೊಟ್ಟಿಲಿಗೆ ಹಾಕೂ ದಿನಕ್ಕ ಎತ್ತಿ ಕೊಡೂದು ಬ್ಯಾಡ. ಬಾಳಂತನ ಮುಗೀಲಿ, ಆಕಿ ಮೈಯಾಗ ಶಕ್ತಿ ಬರಲಿ, ಆಮ್ಯಾಲೆ ಮತ್ತೊಮ್ಮೆ ಕೇಳ್ರಿ. "ಅಷ್ಟೊತ್ತಿಗೆ ಕೂಸಿನ ಮ್ಯಾಲ ಜೀವ ಹತ್ತತೈತಿ, ಕೊಡೂದಿಲ್ಲ" ಅಂತ ಹಿರ್ಯಾರು ಅಂತಾರ. ಹೌದ್ರೀ, ಹತ್ತತೈತಿ. ಹತ್ತಿದ ಮ್ಯಾಲೂ ಕೊಡತೀನಿ ಅಂದ್ರ ಅದು ದಾನ. ಹತ್ತೂಕಿಂತ ಮೊದಲ ತಗೊಂಡು ಹೋದ್ರ ಅದು ಕಸಗೊಂಡಂಗ.

ನಿಮ್ಮ ಓಣ್ಯಾಗ ಇಂಥಾಕಿ ಒಬ್ಬಾಕಿ ಇದ್ರ, ಹಿಟ್ಟು ಬೀಸಾಕ ಹೋದಾಗರೆ ಒಂಟಿ ಕರದು ಕೇಳ್ರಿ: "ನಿನ್ನ ಮನಸ್ಸಿನ್ಯಾಗ ಏನೈತಿ ತಂಗಿ?" ಹೆದರ್ಯಾಳ ಅಂದ್ರ 1098ಕ್ಕ ಒಂದು ಫೋನ್ ಮಾಡಸ್ರಿ, ರೊಕ್ಕ ಬೀಳೂದಿಲ್ಲ.