ಸೈಲೆನ್ಸರ್ ನಟ್‌ಗೆ ಪೈಪ್ ಹಾಕೋ ಶೂರರಿಗೆ

1/6
ಈ ವಾರ ನನ್ನ ಫೀಡ್ ತುಂಬಾ ಒಂದೇ ಥರದ ರೀಲ್. ತುಕ್ಕು ಹಿಡಿದ ಸೈಲೆನ್ಸರ್ ನಟ್, ಸ್ಪ್ಯಾನರ್ ತುದಿಗೆ ಉದ್ದನೆ ಪೈಪ್, ಹಿಂದೆ ಮಾಸ್ ಬಿಜಿಎಂ, ಒಂದೇ ಎಳೆತ, ನಟ್ ಹೊರಗೆ! ನಮ್ಮ ಕ್ಲಾಸಿನವರೇ ನಾಲ್ಕು ಜನ ಶೇರ್ ಮಾಡಿದ್ದೀರಿ. ಬೇಜಾರು ಮಾಡ್ಕೋಬೇಡಿ, ಅದು ಬೈಕ್ ಕೆಡಿಸೋ ರೀಲ್. ಸ್ಟಡ್ ಮುರಿದ ಟೇಕನ್ನ ಯಾರೂ ಅಪ್‌ಲೋಡ್ ಮಾಡಲ್ಲ.

ನಾನು ಮುರಿದಿದ್ದೀನಿ. ಅದಕ್ಕೇ ಬರೀತಿದ್ದೀನಿ.

2/6
ಮಾವನ ಸ್ಪ್ಲೆಂಡರ್. ಅವರ ಡೆಲಿವರಿ ಕೆಲಸ ನಡೆಯೋದೇ ಅದರ ಮೇಲೆ. ಸೈಲೆನ್ಸರ್ ಹೆಡ್‌ಗೆ ಸೇರೋ ಕಡೆ ಲೀಕ್, ಟಪ್ ಟಪ್ ಸದ್ದು. "ಗ್ಯಾಸ್ಕೆಟ್ ತಾನೇ ಮಾವ, ನಾನೇ ಹಾಕ್ತೀನಿ" ಅಂದೆ. ಹೊಸ ತಿಪ್ಪಸಂದ್ರದ ನಮ್ಮನೆ ಮುಂದೆ ಮಳೆಗಾಲವೆಲ್ಲ ನೆನೆದ ಗಾಡಿ ಅದು. ಪೈಪ್ ಹಾಕ್ದೆ, ಎಳೆದೆ, ಟಕ್! ಅರ್ಧ ಸ್ಟಡ್ ನಟ್ ಜೊತೆ ಕೈಗೆ ಬಂತು, ಇನ್ನರ್ಧ ಹೆಡ್ ಒಳಗೇ ಉಳೀತು. ಡ್ರಿಲ್ ಹಾಕಿಸಿ, ಹೊಸ ಥ್ರೆಡ್ ಮಾಡಿಸೋಷ್ಟರಲ್ಲಿ ಮಾವನಿಗೆ ಎರಡು ದಿನ ದುಡಿಮೆ ಇಲ್ಲ. ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಬಿಕಾಂ ಓದೋ ನನಗೆ ಗ್ಯಾಸ್ಕೆಟ್ ರೇಟ್ ಗೊತ್ತಿತ್ತು, ಆ ಎರಡು ದಿನ ಮಾತ್ರ ಲೆಕ್ಕಕ್ಕೇ ಬಂದಿರಲಿಲ್ಲ.

3/6
"ಕೈ ಬಲ ಸಾಲಲ್ಲ, ಅದಕ್ಕೇ ಪೈಪ್" ಅಂತೀರಾ? ಲೆಕ್ಕ ನೋಡಿ. ಆ ಸ್ಟಡ್ 6 ಮಿ.ಮೀ., ನಟ್‌ಗೆ 10 ನಂಬರ್ ಸ್ಪ್ಯಾನರ್. ಆ ಸೈಜಿನ ನಟ್ ಬಿಗಿ ಮಾಡೋಕೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದ್ರೆ 20 ಸೆಂ.ಮೀ. ಹಿಡಿ ಮೇಲೆ ಬರೀ 5 ಕೇಜಿ ಭಾರ. ಪೈಪ್ ಸೇರಿಸಿ 90 ಸೆಂ.ಮೀ. ಮಾಡಿದ್ರೆ ಅದೇ 5 ಕೇಜಿಗೆ 45 ನ್ಯೂಟನ್ ಮೀಟರ್ ಬೀಳುತ್ತೆ. ವರ್ಷಗಟ್ಟಲೆ ಕಾದು, ತಣ್ಣಗಾಗಿ, ತುಕ್ಕು ತಿಂದ ಸ್ಟಡ್ ಅದನ್ನ ತಡೆಯುತ್ತಾ?

4/6 (ಸೇವ್ ಮಾಡ್ಕೊಳ್ಳಿ)
ಹಿಂದಿನ ಸಂಜೆ: ಇಂಜಿನ್ ತಣ್ಣಗಿರಲಿ. ಥ್ರೆಡ್‌ಗೆ ವೈರ್ ಬ್ರಷ್. ಪೆನೆಟ್ರೇಟಿಂಗ್ ಆಯಿಲ್ ಬಿಡಿ, ಸಣ್ಣ ಸುತ್ತಿಗೇಲಿ ನಟ್‌ಗೆ ಮೆಲ್ಲಗೆ ತಟ್ಟಿ. ಗಂಟೆ ಬಿಟ್ಟು ಮತ್ತೆ. ಮಾಮೂಲಿ ಡಬ್ಲ್ಯುಡಿ-40 ಇದಕ್ಕೆ ಬೆಸ್ಟ್ ಅಲ್ಲ. ಡಬ್ಲ್ಯುಡಿ ಅಂದ್ರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, 1953ರಲ್ಲಿ ತೇವ ಓಡಿಸೋಕೆ ಮಾಡಿದ್ದು.

ಬೆಳಿಗ್ಗೆ: ಆರು ಮೂಲೆ ಸಾಕೆಟ್. ಹನ್ನೆರಡು ಮೂಲೆಯದು ಸವೆದ ನಟ್ ಮೇಲೆ ಜಾರುತ್ತೆ. ಮೊದಲು ಒಂಚೂರು ಬಿಗಿ ಕಡೆಗೆ, ಆಮೇಲೆ ಲೂಸ್ ಕಡೆಗೆ. ಕಾಲು ಸುತ್ತು ಬಂದ್ರೆ ಸ್ವಲ್ಪ ವಾಪಸ್, ಆಯಿಲ್, ಮತ್ತೆ ಮುಂದಕ್ಕೆ. ರಬ್ಬರ್ ಥರ ಎಳೆದಂಗೆ ಅನ್ನಿಸಿದ್ರೆ ಸ್ಟಡ್ ತಿರುಚ್ಕೊಳ್ತಿದೆ. ನಿಲ್ಲಿಸಿ!

ಬರಲಿಲ್ವಾ? ನಟ್ ಕಾಯಿಸಿದ್ರೆ ಹಿಗ್ಗುತ್ತೆ, ತುಕ್ಕು ಬಿಡುತ್ತೆ. ಆದ್ರೆ ಮೇಲೇ ಪೆಟ್ರೋಲ್ ಟ್ಯಾಂಕ್, ನಟ್ ತುಂಬಾ ಆಯಿಲ್. ಮನೇಲಿ ಬೆಂಕಿ ಆಟ ಬೇಡ, ವರ್ಕ್‌ಶಾಪಿಗೆ ಕೊಡಿ. ಅದಕ್ಕೂ ಬಗ್ಗದಿದ್ರೆ ನಟ್ ಸೀಳಿಸಿ. ನಟ್ ಹೋದ್ರೆ ಚಿಲ್ಲರೆ ಕಾಸು, ಸ್ಟಡ್ ಹೋದ್ರೆ ಹೆಡ್ ಕೆಲಸ.

5/6
"ಮೆಕ್ಯಾನಿಕ್ ಅಣ್ಣ ಐದೇ ನಿಮಿಷದಲ್ಲಿ ಬಿಚ್ತಾರಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಮಗೆ ಕಾಣೋದು ಆ ಐದು ನಿಮಿಷ. ಆ ಕೈ ಎಷ್ಟು ಸ್ಟಡ್ ಮುರಿದು ಕಲೀತು ಅನ್ನೋದು ಕಾಣಲ್ಲ. ಅವರ ತಲೆ ಮೇಲೆ ನಿಂತು "ಬೇಗ ಅಣ್ಣಾ, ಕಾಲೇಜಿಗೆ ಲೇಟಾಯ್ತು" ಅನ್ನೋರು ಯಾರು? ನಾವೇ. ಮುರಿದ್ರೆ ಜಗಳ ಮಾಡೋರೂ ನಾವೇ.

ಇದು ನಮ್ಮ ಹಳೇ ಕಾಯಿಲೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರ ತನಕ ಜಾವಾ, ಯೆಜ್ಡಿ ಮಾಡ್ತಿತ್ತಲ್ಲ, ಅವುಗಳ ಸೈಲೆನ್ಸರ್ ಪೈಪನ್ನ ಸಿಲಿಂಡರ್‌ಗೆ ಹಿಡಿದಿಡೋದು ಬಳೆ ಥರದ ದೊಡ್ಡ ನಟ್. ಬಿಚ್ಚೋಕೆ ಅಂತಲೇ ಕೊಕ್ಕೆ ಸ್ಪ್ಯಾನರ್ ಇದೆ. ಹಳೇ ಯೆಜ್ಡಿ ಕಂಡ್ರೆ ಬಗ್ಗಿ ನೋಡಿ, ಎಷ್ಟೋ ಗಾಡೀಲಿ ಆ ನಟ್ ಮೇಲೆ ಉಳಿ ಏಟಿನ ಗುರುತು. ಟೂಲ್ ಇತ್ತು, ತಾಳ್ಮೆ ಇರಲಿಲ್ಲ.

6/6
ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್, ಹೊಸ ನಟ್, ಥ್ರೆಡ್‌ಗೆ ಚೂರೇ ಚೂರು ಕಾಪರ್ ಆಂಟಿ-ಸೀಜ್. ಎರಡೂ ನಟ್ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮುಂದೆ ಬಿಚ್ಚೋರಿಗೆ ನೀವು ಮಾಡೋ ಉಪಕಾರ ಇದು.

ಗ್ಯಾರೇಜಿಗೆ ಕೊಡೋದಾದ್ರೆ ಸಂಜೆಯೇ ಬಿಟ್ಟು ಬನ್ನಿ. "ಅರ್ಜೆಂಟ್ ಇಲ್ಲಣ್ಣ, ರಾತ್ರಿ ಆಯಿಲ್ ಬಿಟ್ಟು ಬೆಳಿಗ್ಗೆ ಬಿಚ್ಚಿ" ಅಂತ ಹೇಳಿ. ಆ ಒಂದು ರಾತ್ರಿ ಉಳಿಸೋಕೆ ಹೋಗಿ ನಾನು ಮಾವನ ಎರಡು ದಿನ ತಿಂದೆ.

ಪೈಪ್ ರೀಲ್ ಶೇರ್ ಮಾಡಿದ ನಾಲ್ಕೂ ಜನ ಇದನ್ನೂ ಶೇರ್ ಮಾಡ್ರಪ್ಪಾ. ಬಿಜಿಎಂ ಇಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ.

#ಸೈಲೆನ್ಸರ್‌ನಟ್ #ಪೈಪ್‌ಬೇಡ #ಹೊಸತಿಪ್ಪಸಂದ್ರ